ವಾಸುದೇವ ರಾಯರ ನೀರುನಾಯಿಗಳು

ಮಾಜಿವಾಡಾದ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ವಾಸುದೇವ ರಾಯರು ಗಿರಾಕಿಗಳ ಮುಖ ನೋಡಿ ನಕ್ಕದ್ದನ್ನು ನಾನು ಕಂಡಿಲ್ಲ. ನೀರುನಾಯಿಯ ಹಿಕ್ಕೆಯ ವಿಷಯ ಬಂದರೆ ಮಾತ್ರ ಮುಖ ಅರಳುತ್ತಿತ್ತು. “ಮೀನಿನ ಮುಳ್ಳು, ಏಡಿಯ ಚಿಪ್ಪು, ಬಿಸಿಲಿಗೆ ಎಂಥಾ ಹೊಳಪು ಮಾರಾಯ!” ಎಂದು ಇಡ್ಲಿ ತಿನ್ನುವವನ ಎದುರೇ ವರ್ಣಿಸುವರು.

ಮನೆ ಟಿಟ್ವಾಳಾದಲ್ಲಿ. ವಾರದ ರಜೆಗೆ ಮೊದಲ ಲೋಕಲ್ ಹಿಡಿದು, ಬಸ್ಸು ಬದಲಿಸಿ, ಘಾಟಿ ಹತ್ತಿ ಒಂದು ಹೊಳೆಗೆ ಹೋಗಿ, ಬಂಡೆಯ ಮೇಲೆ ಅಲ್ಲಾಡದೆ ಕೂತು ಬರುವರು. “ಮೂರು ಮರಿ ಹಾಕಿದೆ,” ಎಂದು ಒಮ್ಮೆ ನನಗೊಬ್ಬನಿಗೇ ಗುಟ್ಟಾಗಿ ಹೇಳಿದರು.

ನಾನು ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಸಂಜೆಯೊಳಗೆ ಸುದ್ದಿ ವಾಟ್ಸಾಪ್ ಗ್ರೂಪಿನಲ್ಲಿತ್ತು. ಅಧ್ಯಕ್ಷ ಶೆಟ್ಟರು ಕೂಡಲೇ ‘ನಿಸರ್ಗಪ್ರೇಮ ಪಿಕ್ನಿಕ್’ ಘೋಷಿಸಿದರು. ಎರಡು ಬಸ್ಸು, ಸ್ಪೀಕರ್, ಅಂತ್ಯಾಕ್ಷರಿ, ಥರ್ಮಾಕೋಲ್ ತಟ್ಟೆ.

ರಾಯರ ಮುಖ ಕಪ್ಪಿಟ್ಟಿತು. “ಮರಿಗಳು ಇನ್ನೂ ಈಜು ಕಲಿತಿಲ್ಲ. ಹೆದರಿದರೆ ತಾಯಿ ಜಾಗವನ್ನೇ ಬಿಡುತ್ತದೆ.” ನಾನು ತಲೆ ತಗ್ಗಿಸಿದೆ. ಕಡೆಗೆ ಅವರೇ ಹೇಳಿದರು: “ಸರಿ, ದಾರಿ ನಾನೇ ತೋರಿಸುತ್ತೇನೆ.”

ಭಾನುವಾರ ಬಸ್ಸು ನಿಂತದ್ದು ಹೆಂಗಸರು ಬಟ್ಟೆ ಒಗೆಯುತ್ತಿದ್ದ ಒಂದು ಬಯಲು ನದಿಯ ದಂಡೆಯಲ್ಲಿ. ಘಾಟಿಯನ್ನೇ ಹತ್ತಿರಲಿಲ್ಲ; ಇದು ಆ ಹೊಳೆಯಲ್ಲವೆಂದು ನನಗೆ ಹೊಳೆಯಿತು. ತಟ್ಟೆ ಇಳಿಸತೊಡಗಿದೆ. ಸ್ಪೀಕರ್ ಅರಚಿತು. ಊಟದ ಹೊತ್ತಿಗೆ ಒಂದು ಕಂದು ಪ್ರಾಣಿ ನೀರಿನಿಂದೆದ್ದು ಬಂದು ಮೈ ಕೊಡವಿತು.

“ಅರೇ, ನೀರುನಾಯಿ!” ಶೆಟ್ಟರು ಕೂಗಿದರು. ನಲವತ್ತು ಮೊಬೈಲು ಎದ್ದವು.

“ಪಪ್ಪಾ, ಯೇ ತೋ ಕುತ್ತಾ ಹೈ,” ಎಂದಳು ಅವರ ಮಗಳು.

ಎಲ್ಲರೂ ರಾಯರತ್ತ ತಿರುಗಿದರು. ರಾಯರು ಗಂಭೀರವಾಗಿ, “ಮರಾಠಿ ಮುಲುಕಿನ ಜಾತಿ. ಬಾಲ ಸ್ವಲ್ಪ ಡೊಂಕು,” ಎಂದರು. ಶೆಟ್ಟರು ಅಲ್ಲೇ ಅವರಿಗೆ ಶಾಲು ಹೊದಿಸಿದರು. ಆ ಬೀದಿನಾಯಿಯ ಫೋಟೋ ಸಂಘದ ಸ್ಮರಣಸಂಚಿಕೆಯ ಮುಖಪುಟವಾಯಿತು.

ಮರಳುವಾಗ ರಾಯರು ನನ್ನ ಪಕ್ಕ ಕೂತಿದ್ದರು. “ಅಷ್ಟು ಜನರಿಗೆ ಸುಳ್ಳು ಹೇಳಿದೆನಲ್ಲ,” ಎಂದರು. ಶಾಲನ್ನು ಮಡಿಸಿ ಚೀಲದ ತಳಕ್ಕೆ ತುರುಕಿದರು.

ಕಳೆದ ವರ್ಷ ಕಲ್ಯಾಣದ ಆಸ್ಪತ್ರೆಯಲ್ಲಿ ಅವರನ್ನು ಕಡೆಯ ಸಲ ಕಂಡೆ. ಉಸಿರು ಎಳೆಯುತ್ತಿತ್ತು. “ಆ ಹೊಳೆ ಎಲ್ಲಿ ರಾಯರೇ? ನೀವು ಇನ್ನು ಹೋಗಲಾರಿರಿ. ನಾನು ನೋಡಿ ಬಂದು ಹೇಳುತ್ತೇನೆ,” ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. “ನಿನಗೆ ಹೇಳಬೇಕೆಂದು ಬಹಳ ಆಸೆ ಉಂಟು,” ಎಂದರು. ಹಿಡಿತ ಬಿಗಿ ಮಾಡಿ, “ಹೇಳುವುದಿಲ್ಲ.”

ನರ್ಸ್ ಬಂದು ‘ವೇಳ ಸಂಪಲೀ’, ಹೊತ್ತು ಮುಗಿಯಿತು, ಎಂದು ಎರಡು ಸಲ ಗದರುವ ತನಕ ರಾಯರು ನನ್ನ ಕೈ ಬಿಡಲಿಲ್ಲ.