ಹನ್ನೊಂದು ಮಂದಿ ಪಾಸಾದ ಮಧ್ಯಾಹ್ನ

ಪಂಪು ತಯಾರಿಸುವ ಒಂದು ಕಂಪನಿಯಲ್ಲಿ ನಾನು ತರಬೇತಿ ವಿಭಾಗ ನೋಡಿಕೊಳ್ಳುತ್ತಿದ್ದೆ. ನಮ್ಮ ಪಂಪುಗಳು ನೇಪಾಳ, ಬಾಂಗ್ಲಾದೇಶ, ಕೀನ್ಯಾ, ಇಥಿಯೋಪಿಯಾಗಳಿಗೆ ಹೋಗುತ್ತಿದ್ದವು. ಅಲ್ಲಿ ಅವನ್ನು ನಡೆಸುವ ನೌಕರರಿಗೆ ಏನು ಕಲಿಸಬೇಕು, ಯಾವಾಗ ಕಲಿಸಬೇಕು, ಯಾರು ಪಾಸು ಎಂಬುದೆಲ್ಲ ಜಮಖಂಡಿಯ ಹೊರಗಿನ ಒಂದು ಸಣ್ಣ ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ತೀರ್ಮಾನವಾಗುತ್ತಿತ್ತು. ರಬಕವಿಯ ನೇಕಾರರ ಮಗಳು ನಾಲ್ಕು ದೇಶಕ್ಕೆ ಪಾಠ ಹೇಳಿಸುತ್ತಾಳೆಂದು ಅಪ್ಪ ಕಂಡವರಿಗೆಲ್ಲ ಹೇಳುತ್ತಿದ್ದರು. ನನಗೂ ಆ ಹೆಮ್ಮೆ ಇತ್ತು.

ಮೊದಮೊದಲು ಕಲಿಸುತ್ತಿದ್ದವರು ಬೀಳಗಿ ಕಡೆಯ ಒಬ್ಬ ಹಿರಿಯರು. ಹೊಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಪಂಪ್‌ಹೌಸಿನ ಕೆಲಸ ಹಿಡಿದವರು. ನಮಗೆಲ್ಲ ಅವರು ಕಾಕಾ. ಹೊರದೇಶದ ಆಪರೇಟರುಗಳು ಬಂದಾಗ ಕಾಕಾ ಅವರನ್ನು ಯಂತ್ರದ ಮುಂದೆ ನಿಲ್ಲಿಸಿ, ಮೇನ್ ಸ್ವಿಚ್ಚು ಬಂದ್ ಮಾಡಿಸಿ, ಅದಕ್ಕೆ ಬೀಗ ಹಾಕಿಸಿ, ಕೀಲಿಕೈಯನ್ನು ಅವರ ಜೇಬಿಗೇ ಇಡಿಸುತ್ತಿದ್ದರು. ಆಮೇಲಷ್ಟೇ ಯಂತ್ರ ಮುಟ್ಟಬೇಕು. ಆ ಪಾಠಕ್ಕೆ ಭಾಷೆ ಬೇಕಾಗುತ್ತಿರಲಿಲ್ಲ.

ಕೆಲ ವರ್ಷಗಳಾದ ಮೇಲೆ ಪುಣೆಯ ಮುಖ್ಯ ಕಚೇರಿಯವರು, ಜನರನ್ನು ಇಷ್ಟು ದೂರ ಕರೆಸುವುದು ಬೇಡ, ಕಂಪ್ಯೂಟರಿನಲ್ಲೇ ಕಲಿಸಿ ಎಂದರು. ಪಾಠ ಇಂಗ್ಲಿಷಿನಲ್ಲಿ, ಕೊನೆಗೆ ಇಪ್ಪತ್ತು ಪ್ರಶ್ನೆ. ಸಿದ್ಧಪಡಿಸಿದವಳು ನಾನೇ. ಇಥಿಯೋಪಿಯಾದವರಿಗೆ ಅವರ ಭಾಷೆಯಲ್ಲಿ ಬರೆಸಬೇಕು ಎಂದುಕೊಂಡಿದ್ದೆ. ಆ ಕೆಲಸ ಇವತ್ತು ನಾಳೆ ಎನ್ನುತ್ತ ಹಿಂದೆ ಬಿತ್ತು.

ಒಂದು ಮಧ್ಯಾಹ್ನ ಇಥಿಯೋಪಿಯಾದ ಕಬ್ಬಿನ ತೋಟವೊಂದರಿಂದ ಹನ್ನೊಂದು ಮಂದಿಯ ಪರೀಕ್ಷೆ ಬಂತು. ಎಲ್ಲರೂ ಪಾಸು. ಎಲ್ಲ ಪರೀಕ್ಷೆಗಳೂ ಒಂದೇ ಕಂಪ್ಯೂಟರಿನಿಂದ, ಒಂದರ ಹಿಂದೊಂದರಂತೆ, ಅರ್ಧ ತಾಸಿನೊಳಗೆ ಮುಗಿದಿದ್ದವು. ಯಾರೋ ಒಬ್ಬ ಮೇಲ್ವಿಚಾರಕ ಕೂತು ಎಲ್ಲರ ಪರವಾಗಿ ಉತ್ತರ ಒತ್ತಿದ್ದಾನೆಂಬುದು ಕಂಡ ಕೂಡಲೇ ತಿಳಿಯಿತು. ಸಂಜೆ ಐದಕ್ಕೆ ಪುಣೆಗೆ ವರದಿ ಹೋಗಬೇಕಿತ್ತು. ಹನ್ನೊಂದು ಪ್ರಮಾಣಪತ್ರಗಳಿಗೂ ಸಹಿ ಮಾಡಿದೆ.

ಎಂಟು ತಿಂಗಳ ಮೇಲೆ ಆ ಹನ್ನೊಂದು ಮಂದಿಯಲ್ಲಿ ಒಬ್ಬ ಸತ್ತ. ಹತ್ತಿರದ ಗುಂಡಿ ಒತ್ತಿ ಪಂಪು ನಿಲ್ಲಿಸಿ, ಮುಚ್ಚಳ ಬಿಚ್ಚಿ ಕೈಹಾಕಿದ್ದ. ಮೇನ್ ಸ್ವಿಚ್ಚಿಗೆ ಬೀಗ ಇರಲಿಲ್ಲ. ಅವನು ಕೈಹಾಕಿದ್ದು ತಿಳಿಯದೆ ಆಚೆಯ ಕೋಣೆಯಿಂದ ಯಾರೋ ಯಂತ್ರ ಚಾಲು ಮಾಡಿದರು.

ಪುಣೆಯ ಸಾಹೇಬರು ಫೋನಿನಲ್ಲಿ ನನಗೇ ಸಮಾಧಾನ ಹೇಳಿದರು. ಅವನಿಗೆ ತರಬೇತಿಯಾಗಿತ್ತು, ಪತ್ರ ನಮ್ಮ ಬಳಿ ಇದೆ, ತಪ್ಪು ಅವನ ಅಲಕ್ಷ್ಯದ್ದು, ನೀವು ಹೆದರಬೇಡಿ ಎಂದರು. ನನ್ನ ಸಹಿಯ ಬಲದ ಮೇಲೆ ಅವನ ಹೆಂಡತಿಗೆ ಪರಿಹಾರ ನಿಂತುಹೋಯಿತು.

ಅದಾದ ಮೇಲೆ ಪ್ರತಿ ತಿಂಗಳ ಮೊದಲ ದಿನ ನನಗೊಂದು ಇಮೇಲು ಬರತೊಡಗಿತು. ಮರುತರಬೇತಿ ಬಾಕಿ ಇರುವವರ ಪಟ್ಟಿ. ಕಂಪ್ಯೂಟರು ತಾನೇ ಕಳಿಸುವಂಥದ್ದು. ಅದರಲ್ಲಿ ಸತ್ತವನ ಹೆಸರು, ಪಕ್ಕದಲ್ಲಿ ಬೆರಳಗಲದ ಅವನ ಫೋಟೊ. ಒಂದು ಗುಂಡಿ ಒತ್ತಿದ್ದರೆ ಹೆಸರು ತೆಗೆಯಬಹುದಿತ್ತು. ನನ್ನ ಕೈ ಹೋಗಲಿಲ್ಲ. ಬರಬರುತ್ತ ಬೀಳಗಿ ಬಸ್ಸಿನಲ್ಲಿ, ಬನಹಟ್ಟಿ ಸಂತೆಯಲ್ಲಿ, ಬೆನ್ನು ತಿರುಗಿಸಿ ನಿಂತವರೆಲ್ಲ ಈಗ ತಿರುಗಿದರೆ ಅದೇ ಮುಖ ಎನಿಸತೊಡಗಿತು.

ನಾಲ್ಕನೆಯ ಇಮೇಲು ಬಂದ ದಿನ ಕಾಕಾ ಈಗ ವಾಸವಿದ್ದ ತುಬಚಿ ಎಂಬ ಹಳ್ಳಿಗೆ ಹೋದೆ. ನದಿ ದಂಡೆಯಲ್ಲಿ ಕೂತಿದ್ದರು.

“ಕಾಕಾ, ಅಂವಾ ಆ ಪಾಠ ಓದೇ ಇಲ್ಲರಿ. ನನಗ ಅವತ್ತ ಗೊತ್ತಿತ್ತು.”

ಕಾಕಾ ನನ್ನತ್ತ ತಿರುಗಿದರು. “ಗೊತ್ತಿದ್ದೂ ಸಹಿ ಮಾಡಿದೇನ ಬೇ?”

“ಹೂಂರಿ.”

“ಈಗೇನ ಮಾಡಾಕತ್ತಿ?”

“ಏನೂ ಇಲ್ಲರಿ.”

“ನೌಕರಿ ಹೊಕ್ಕೈತಿ ಅಂತ ಅಂಜಿಕಿ?”

“ಹೂಂ.”

“ಅಂಜಿಕಿ ಇರೂದ ಖರೆ ಬಿಡು ತಂಗಿ. ಅಂಜಕೋತನ ಬರಿ. ಕಂಡದ್ದು ಕಂಡಂಗ ಬರಿ.”

ಮರುದಿನ ಪುಣೆಗೆ ಬರೆದೆ. ಒಂದೇ ಕಂಪ್ಯೂಟರು, ಅರ್ಧ ತಾಸು, ಬರೆಸದೇ ಉಳಿದ ಭಾಷಾಂತರ, ನನಗೆ ಗೊತ್ತಿದ್ದದ್ದು, ಎಲ್ಲ. ವಿಚಾರಣೆ ಬಹಳ ದಿನ ನಡೆಯಿತು. ಕಡೆಗೆ ವರದಿಯಿಂದ ‘ಅಲಕ್ಷ್ಯ’ ಎಂಬ ಮಾತು ತೆಗೆದರು; ಪರಿಹಾರ ಅವನ ಮನೆ ಸೇರಿತು. ಹನ್ನೊಂದೂ ಪ್ರಮಾಣಪತ್ರಗಳು ರದ್ದಾದವು. ಉಳಿದ ಹತ್ತು ಮಂದಿಗೆ ಕಲಿಸಲು ಕಾಕಾ ತಾವೇ ವಿಮಾನ ಹತ್ತಿ ಹೋಗಿಬಂದರು. ಪುಣೆಯವರು ನನ್ನಿಂದ ನಾಲ್ಕೂ ದೇಶಗಳ ಹೊಣೆ ತೆಗೆದುಕೊಂಡರು. ವರ್ಷದೊಳಗೆ ನಾನೇ ಕೆಲಸ ಬಿಟ್ಟು, ಮುಧೋಳದ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ ಪಾಠ ಹೇಳತೊಡಗಿದೆ.

ಅಲ್ಲಿದ್ದಾಗ ಆ ತೋಟದ ಗುಮಾಸ್ತನೊಬ್ಬ ನನ್ನನ್ನು ಹುಡುಕಿ ಬರೆದ. ಸತ್ತವನ ಹೆಂಡತಿ ಒಂದೇ ಮಾತು ಕೇಳಿದ್ದಳಂತೆ: ಗಂಡನಿಗೆ ಬಂದ ಪ್ರಮಾಣಪತ್ರದ ಒಂದು ಪ್ರತಿ ಬೇಕು. ಅವರ ಮನೆತನದಲ್ಲಿ ಅಂಥ ಕಾಗದ ಪಡೆದವರು ಯಾರೂ ಇಲ್ಲ. ಮಕ್ಕಳು ನೋಡಲೆಂದು ಗೋಡೆಗೆ ಹಾಕಬೇಕಂತೆ.

ರದ್ದಾಗಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನ ಹಳೆಯ ಕಡತದಲ್ಲಿ ಒಂದು ಪ್ರತಿ ಉಳಿದಿತ್ತು. ಮೂರು ದಿನ ಅದನ್ನು ತೆಗೆದು ನೋಡುವುದು, ಮತ್ತೆ ಒಳಗಿಡುವುದು. ನಾಲ್ಕನೆಯ ದಿನ ಕಳಿಸಿಬಿಟ್ಟೆ. ಒಂದು ಸುಳ್ಳನ್ನು ಅಳಿಸಿದವಳೇ ಅದೇ ಸುಳ್ಳನ್ನು ಮತ್ತೊಮ್ಮೆ ಅಂಚೆಗೆ ಹಾಕಿದ್ದೆ. ಈ ಸಲ ಯಾರನ್ನೂ ಕೇಳಲಿಲ್ಲ, ಕಾಕಾಗೂ ಹೇಳಲಿಲ್ಲ.

ತಲುಪಿತು ಎಂದು ಗುಮಾಸ್ತ ತಿಳಿಸಿದ. ಅವಳು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದಳು ಎಂದೂ ಬರೆದಿದ್ದ. ಆ ಮಕ್ಕಳು ಈಗ ಓದಲು ಕಲಿತಿರಬೇಕು.