ಬಲೂನು ಕಟ್ಟಿದ ಬಾಟಲಿಗಳು

ಅವರ ಬಲಗೈಯ ಉಗುರುಗಳ ಸುತ್ತ ಯಾವಾಗಲೂ ನೇರಳೆ ಕಲೆ ಇರುತ್ತಿತ್ತು. ಕೆಂಪು ಎಲೆಕೋಸು ಹೆಚ್ಚಿ, ಕುದಿಸಿ, ಹಿಂಡಿ ಬಂದ ಕಲೆ. "ಎಂತ ಟೀಚರ್, ನಿಮ್ಮ ಮದರಂಗಿ ಮಾತ್ರ ನೀಲಿಯಾ?" ಎಂದು ನನ್ನ ಹೆಂಡತಿ ಕೆಣಕಿದರೆ, "ನಿಂಬೆಹುಳಿ ಹಿಂಡಿದ್ರೆ ಕೆಂಪಾಗ್ತದೆ. ಸೀರೆಗೆ ಮ್ಯಾಚಿಂಗ್ ಮಾಡ್ಬಹುದು" ಎನ್ನುತ್ತಿದ್ದರು.

ಈ ಕೊಲ್ಲಿ ದೇಶದ ಅಬು ಹಲೀಫಾದಲ್ಲಿ ನಮ್ಮ ಎದುರಿನ ಫ್ಲ್ಯಾಟ್ ಅವರದು. ಬಂಟ್ವಾಳದ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿದವರು. ಗಂಡ ತೈಲ ಗುತ್ತಿಗೆದಾರರೊಬ್ಬರ ಬಳಿ ಶಿಫ್ಟ್ ಕೆಲಸದಲ್ಲಿದ್ದರು. ಗಂಡನ ವೀಸಾದಲ್ಲಿ ಬಂದ ಇವರಿಗೆ ಇಲ್ಲಿ ಕೆಲಸ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಕಟ್ಟಡದ ಮಕ್ಕಳೆಲ್ಲ ಇವರ ಅಡುಗೆಮನೆಗೆ ನುಗ್ಗುತ್ತಿದ್ದರು. ನನ್ನ ಮಗಳು ಎಲ್ಲರಿಗಿಂತ ಮೊದಲು.

ಆಟದ ಸಾಮಾನು ಮನೆಯದ್ದೇ. ವಿನೆಗರ್, ಉಪ್ಪು, ಅಡುಗೆ ಸೋಡಾ, ಮಬ್ಬಾದ ಫಿಲ್ಸ್ ನಾಣ್ಯಗಳು, ಟೀಚರ್ ತಮ್ಮ ಅತ್ತೆಯ ಪೆಟ್ಟಿಗೆಯಿಂದ ತಂದ ಕಪ್ಪಿಟ್ಟ ಕಾಲಾಣೆಗಳು. ಕಾಲಾಣೆಯನ್ನು ಬಟ್ಟೆ ಕ್ಲಿಪ್ಪಿನಲ್ಲಿ ಹಿಡಿದು ಉಪ್ಪು ಬೆರೆಸಿದ ವಿನೆಗರಿಗೆ ಅದ್ದಿದರೆ ಕೆಂಪು ತಾಮ್ರ ಮೇಲೆ ಬರುತ್ತಿತ್ತು. ಅದೇ ನೀರಿನಲ್ಲಿ ಬಿಟ್ಟ ಕಬ್ಬಿಣದ ಮೊಳೆಗೂ ಮರುದಿನ ತಾಮ್ರದ ಬಣ್ಣ. ಮಕ್ಕಳು ನಾಣ್ಯವನ್ನು ಪೂರ್ತಿ ಮುಳುಗಿಸಲು ಹೋದರೆ ಅವರು ಕೈ ಹಿಡಿಯುತ್ತಿದ್ದರು. "ಅರ್ಧ ಹಾಗೇ ಬಿಡಿ. ಇಲ್ಲದಿದ್ರೆ ಎಂತ ಬದಲಾಯ್ತು ಅಂತ ಯಾರಿಗೆ ಗೊತ್ತಾಗ್ತದೆ?" ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವ ನನಗೆ ಈ ಮಾತು ಹಿಡಿಸಿತ್ತು.

ಬ್ಲೀಚಿನ ಬಾಟಲಿಯ ಕುತ್ತಿಗೆಗೆ ಮಾತ್ರ ಒಂದು ಕೆಂಪು ದಾರ. "ದಾರ ಕಟ್ಟಿದ್ದನ್ನು ಹುಳಿ ಇರುವ ಯಾವುದಕ್ಕೂ ಸೇರಿಸ್ಲಿಕ್ಕಿಲ್ಲ. ಸೇರಿಸಿದ್ರೆ ಸ್ವಿಮ್ಮಿಂಗ್ ಪೂಲಿನ ವಾಸನೆ ಬರ್ತದೆ. ಆಗ ನೋಡ್ತಾ ನಿಲ್ಲುವುದಲ್ಲ, ಓಡುವುದು. ಎಂತ ಮಾಡುವುದು?" "ಓಡುವುದು!" ಎಂದು ಮಕ್ಕಳು ಕೂಗುತ್ತಿದ್ದರು.

ಮದ್ಯ ನಿಷೇಧವಿರುವ ಈ ದೇಶದಲ್ಲಿ ಕಳ್ಳಭಟ್ಟಿ ಕುಡಿದು ಕಾರ್ಮಿಕರು ಸತ್ತ ಸುದ್ದಿ ಬರತೊಡಗಿದ ದಿನಗಳವು. ಫ್ಲ್ಯಾಟುಗಳಲ್ಲಿ ಶೋಧ, ಬಂಧನ, ಗಡೀಪಾರು. ಅಂಥ ಕೆಲವು ವರದಿಗಳಿಗೆ ಶೀರ್ಷಿಕೆ ಕೊಟ್ಟವನು ನಾನೇ. ಆ ವಾರ ಟೀಚರ್ ಮಕ್ಕಳಿಗೆ ಬಲೂನಿನ ಆಟ ತೋರಿಸಿದ್ದರು. ಎಲೆಕೋಸಿನ ನೀರಿಗೆ ವಿನೆಗರ್ ಹಾಕಿದಾಗ ಅದು ಕೆಂಪಾಯಿತು. ಆ ನೀರಿನ ಬಾಟಲಿಗೆ ಸೋಡಾ ಸುರಿದು ಬಾಯಿಗೆ ಬಲೂನು ಸಿಕ್ಕಿಸಿದಾಗ ಬಲೂನು ತಾನೇ ಉಬ್ಬಿತು. ಎಷ್ಟು ದಿನ ನಿಲ್ಲುತ್ತದೆ ನೋಡೋಣ ಎಂದು ಮಕ್ಕಳು ಹಟ ಹಿಡಿದದ್ದರಿಂದ ಬಾಟಲಿಗಳು ಬಾಲ್ಕನಿಯಲ್ಲೇ ಉಳಿದವು.

ಮನೆಯಲ್ಲಿ ಕದ್ದು ದ್ರಾಕ್ಷಿರಸ ಹುಳಿಸಿ ವೈನ್ ಮಾಡುವವರೂ ಬಾಟಲಿಗೆ ಹೀಗೇ ಬಲೂನು ಕಟ್ಟುತ್ತಾರೆ. ಯಾರೋ ಕೆಳಗಿನಿಂದ ಫೋಟೋ ತೆಗೆದು ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದರು. "ಪಾರ್ಟಿ ಕಬ್ ಹೈ, ಭಾಯಿ?" ಎಂದು ಇನ್ನೊಬ್ಬರು ಕೇಳಿದರು.

ಟೀಚರ್ ಫೋನ್ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಇದು ಎಲೆಕೋಸು ಅಂತ ಬರೀರಿ ಮಾರಾಯ್ರೆ. ನೀವು ಪೇಪರಿನವರು, ನಂಬ್ತಾರೆ." ನಾನು ಬರೆದೆ. ಕೆಲವರು ಹೆಬ್ಬೆರಳೆತ್ತಿದರು, ಫೋಟೋ ಮಾತ್ರ ಗುಂಪಿನಲ್ಲೇ ಉಳಿಯಿತು. "ನಮ್ಮ ಇವರ ಇಕಾಮಾ ಕ್ಯಾನ್ಸಲ್ ಮಾಡಿ ದೇಶದಿಂದ ಕಳಿಸಿದ್ರೆ ಊರಲ್ಲಿ ಎಂತ ಹೇಳುವುದು? ಎಲೆಕೋಸಿನಿಂದ ಹೋಯ್ತು ಅಂತಲಾ?" ಎಂದು ಅವರು ನಕ್ಕರು. ಗುಂಪಿಗೆ ಇನ್ನೇನು ಬಂತೆಂದು ಮತ್ತೆ ಫೋನ್ ನೋಡಿದರು.

ಮರುದಿನ ಬೆಳಿಗ್ಗೆ ಕಟ್ಟಡದ ಕಾವಲುಗಾರ ಮಹಡಿ ಮಹಡಿ ಹತ್ತಿ, ಬಾಲ್ಕನಿ ಖಾಲಿ ಮಾಡಲು ಅವಸರಪಡಿಸುತ್ತ ಬಾಗಿಲು ಬಡಿದ. "ಭಾಭಿ, ಚೆಕಿಂಗ್ ಆಯಾ. ಬಾಲ್ಕನಿ ಖಾಲಿ ಕರೋ, ಯಲ್ಲಾ!" ಬಂದಿದ್ದವರು ಬೆಂಕಿ ಸುರಕ್ಷತೆಯವರು. ನೆಲಮಾಳಿಗೆಯಲ್ಲಿ ತುಂಬಿದ್ದ ಹಳೆಯ ಸಾಮಾನು ನೋಡಲು ಬಂದಿದ್ದರು. ಅದು ನಮಗೆ ತಿಳಿದದ್ದು ಆಮೇಲೆ.

ಎದುರುಮನೆಯ ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಶಾಲೆಯ ಚೀಲ ಹೆಗಲಿಗೇರಿಸಿ ಹೊರಟಿದ್ದ ಮಗಳು ಹೊಸ್ತಿಲಲ್ಲೇ ನಿಂತಳು. "ಪಪ್ಪಾ, ಸ್ವಿಮ್ಮಿಂಗ್ ಪೂಲ್ ಸ್ಮೆಲ್."

ನಾನು ಎದುರು ಬಾಗಿಲನ್ನು ಗುದ್ದಿದೆ. ಒಳಗೆ ಕೆಮ್ಮು ಕೇಳಿಸಿತು, ಚಿಲಕ ತೆಗೆಯುವ ಸದ್ದಿಲ್ಲ. ಮತ್ತೆ ಗುದ್ದಿದೆ. ಕೆಮ್ಮೂ ನಿಂತಿತು. ಯಾರೋ ಬಾಯಿಗೆ ಕೈ ಒತ್ತಿಕೊಂಡಂತೆ. ನಾನು ಗುದ್ದಿದಷ್ಟೂ ಅವರು ಒಳಗೇ ಉಳಿಯುತ್ತಾರೆ ಎಂಬುದು ನನಗೆ ಹೊಳೆಯುವ ಮೊದಲೇ ಮಗಳಿಗೆ ಹೊಳೆಯಿತು. ನಮಗೆ ಸದಾ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಬಾಗಿಲಿಗೆ ಬಾಯಿಟ್ಟು ಕನ್ನಡದಲ್ಲಿ ಕೂಗಿದಳು: "ಟೀಚರಾಂಟಿ, ನಾನು! ಪೊಲೀಸ್ ಅಲ್ಲ, ನಾನು!"

ಬಾಗಿಲು ತೆರೆಯಿತು. ಟೀಚರ್ ಕಣ್ಣು ಕೆಂಪಾಗಿತ್ತು, ಉಸಿರು ಸಿಗುತ್ತಿರಲಿಲ್ಲ. ಬಾಟಲಿಗಳನ್ನೆಲ್ಲ ಬಚ್ಚಲಿನಲ್ಲಿ ಸುರಿದು, ಮನೆಯಲ್ಲಿ ಹುಳಿ ವಾಸನೆ ಇರಬಾರದೆಂದು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ, ಅದರ ಮೇಲೆ ಬ್ಲೀಚ್ ಸುರಿದಿದ್ದರು. ಗೊತ್ತಿಲ್ಲದೆ ಅಲ್ಲ. ಖಾಲಿ ಬಾಟಲಿ ಇನ್ನೂ ಕೈಯಲ್ಲಿತ್ತು, ಕೆಂಪು ದಾರದ ಸಮೇತ. ಕಾರಿನಲ್ಲಿ ಆಸ್ಪತ್ರೆಗೆ ಹೋಗುವಾಗ ಒಂದೇ ಮಾತು ಹೇಳಿದರು: "ಬಚ್ಚಲು ತೊಳೆಯುವಾಗ ಆಯ್ತು ಅಂತ ಹೇಳಿ. ಸುಳ್ಳಲ್ಲವಲ್ಲ."

ಆಸ್ಪತ್ರೆಯಿಂದ ಬಂದ ಮೇಲೆ ಸ್ವರ ಒಡೆದೇ ಉಳಿಯಿತು. ಶುಕ್ರವಾರಗಳು ನಿಂತವು. ಮಕ್ಕಳನ್ನು ಕಳಿಸುವುದಿಲ್ಲ ಎಂದು ಯಾರೂ ಹೇಳಲಿಲ್ಲ, ಯಾರೂ ಕಳಿಸಲಿಲ್ಲ. ಒಂದು ಸಂಜೆ ಮಗಳು ತಾನಾಗಿ ಹೋದಳು. ಅವರು ಅವಳನ್ನು ಹೊಸ್ತಿಲಲ್ಲೇ ನಿಲ್ಲಿಸಿದರು. "ನಾನು ಹೇಳಿದ್ದನ್ನು ನಾನೇ ಮಾಡ್ಲಿಲ್ಲ ಮಗಾ. ಇನ್ನು ಎಂತ ಕಲಿಸ್ಲಿ?" ಎಂದರು. "ಬಟ್ ಐ ಡಿಡ್, ಆಂಟಿ. ಐ ನ್ಯೂ ದ ಸ್ಮೆಲ್," ಎಂದಳು ಇವಳು. ಟೀಚರ್ ಒಳಗೆ ಹೋಗಿ ಅರ್ಧ ಹೊಳೆಯುವ ಒಂದು ಕಾಲಾಣೆ ತಂದು ಅವಳ ಅಂಗೈಯಲ್ಲಿಟ್ಟು ಬಾಗಿಲು ಹಾಕಿಕೊಂಡರು.

ಆ ಬೇಸಿಗೆಗೆ ಊರಿಗೆ ಹೋದರು, ತಿರುಗಿ ಬರಲಿಲ್ಲ. ಕಳೆದ ವರ್ಷ ತೀರಿಕೊಂಡರು. ನ್ಯುಮೋನಿಯಾ ಎಂದು ಗಂಡ ಫೋನಿನಲ್ಲಿ ಹೇಳಿದರು. ಆ ಬೆಳಗಿಗೂ ಸಾವಿಗೂ ಸಂಬಂಧವಿದೆಯೆಂದು ಯಾವ ವೈದ್ಯರೂ ಹೇಳಿಲ್ಲ. ಆದ್ದರಿಂದ ನಾನೂ ಬರೆಯುವುದಿಲ್ಲ.

ಕಾಲಾಣೆ ಮಗಳ ಮೇಜಿನ ಮೇಲಿದೆ. ಹೊಳೆಯುತ್ತಿದ್ದ ಅರ್ಧವೂ ಮಬ್ಬಾಗುತ್ತ ಬಂದಿದೆ. ಅವಳು ಈಗಲೂ ನಮಗೆ ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ. ಆದರೆ ಯಾರ ಮನೆಗೆ ಹೋದರೂ ಬಾಗಿಲು ಬಡಿಯುವ ಮೊದಲು, ಒಳಗಿರುವವರು ಯಾವ ಭಾಷೆಯವರೆಂದು ನೋಡದೆ, ಕನ್ನಡದಲ್ಲಿ ಹೇಳುತ್ತಾಳೆ: "ನಾನು."