ಲಗ್ಗೆರೆಯಲ್ಲಿ ನಡೆದ ಪ್ರಾರ್ಥನಾಕೂಟ

ನಮ್ಮ ಚರ್ಚಿನ ಸಭೆಯ ಏಳೆಂಟು ಕುಟುಂಬಗಳು ಪ್ರತಿ ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ಹೆಚ್ಚಿನವರು ಬಸವೇಶ್ವರನಗರ, ರಾಜಾಜಿನಗರದವರು. ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ಬೈಬಲ್ ವಾಕ್ಯ ವಿವರಿಸುವ ಹೊಣೆ ನನ್ನದಾಯಿತು.

ಎರಡು ವರ್ಷದ ಹಿಂದೆ ಲಗ್ಗೆರೆಯಿಂದ ಒಬ್ಬ ಹೆಂಗಸು ಬರತೊಡಗಿದಳು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಅಪ್ಪ, ಅಮ್ಮ ಇಬ್ಬರೂ ಬೀದಿ ಗುಡಿಸುತ್ತಿದ್ದವರೆಂದು, ದೇವರು ತನ್ನ ಬಾಳಲ್ಲಿ ಮಾಡಿದ್ದರ ಸಾಕ್ಷಿ ಹೇಳುವಾಗ ಅವಳೇ ಹೇಳಿದ್ದಳು. ಕೂಟ ಯಾರ ಮನೆಯಲ್ಲಾದರೂ ಕೊನೆಗೆ ತಟ್ಟೆ ಲೋಟ ತೊಳೆಯುವವಳು ಅವಳೇ. ಎಂಥ ದೀನ ಮನಸ್ಸು ಎಂದು ಮೆಚ್ಚಿಕೊಳ್ಳುತ್ತಿದ್ದೆವು. ಬೇಡ ಅಂದವರಿಲ್ಲ.

"ಅಕ್ಕ, ಮುಂದಿನ್ ವಾರ ನಮ್ಮನೇಲಿ ಇಟ್ಕೊಳಿ," ಎಂದು ಒಂದು ದಿನ ಕೇಳಿದಳು. ಒಪ್ಪಿದೆವು.

ಅವಳ ಒಂದೇ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತೆವು. ಯೇಸು ಶಿಷ್ಯರ ಪಾದ ತೊಳೆದದ್ದರ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಪ್ರಾರ್ಥನೆ ಮುಗಿದದ್ದೇ ಅವಳು ಬಿಸಿ ಖಾರಾಬಾತ್ ತಟ್ಟೆಗೆ ಹಾಕತೊಡಗಿದಳು.

"ನಂಗೆ ಹೊಟ್ಟೆ ಸರಿ ಇಲ್ಲಮ್ಮ," ಎಂದರು ಹಿರಿಯರೊಬ್ಬರು. ಇನ್ನೊಬ್ಬರಿಗೆ ಆಗತಾನೇ ಊಟವಾಗಿತ್ತಂತೆ. ಮತ್ತೊಬ್ಬರಿಗೆ ಕ್ಯಾಬ್ ಬಂದುಬಿಟ್ಟಿತ್ತು. ಅವಳು ತಟ್ಟೆ ಹಿಡಿದು ನನ್ನತ್ತ ತಿರುಗಿದಳು.

"ಇವತ್ತು ಉಪವಾಸ ಕಣೇ," ಎಂದೆ.

ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಉಂಡು ಬಂದಿದ್ದೆ.

ಮುಂದಿನ ಬುಧವಾರ ಆ ಹಿರಿಯರ ಮನೆಯಲ್ಲಿ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಅವಳು ಅಡುಗೆಮನೆಯಲ್ಲಿ ತಟ್ಟೆ ಉಜ್ಜುತ್ತ ನನಗಷ್ಟೇ ಕೇಳುವಂತೆ ಹೇಳಿದಳು: "ಅವತ್ತಿಂದು ವೇಸ್ಟ್ ಆಗ್ಲಿಲ್ಲ ಅಕ್ಕ. ಅಕ್ಕಪಕ್ಕದೋರಿಗೆ ಕೊಟ್ಟೆ. ನೀವು ಬೇಜಾರ್ ಮಾಡ್ಕೋಬೇಡಿ."

ಆಮೇಲೆ ಅವಳು ಬರಲಿಲ್ಲ.

ತಿಂಗಳು ಕಳೆದ ಮೇಲೆ ಒಬ್ಬಳೇ ಲಗ್ಗೆರೆಗೆ ಹೋದೆ. ಬಾಗಿಲಲ್ಲೇ ನಿಂತು, "ಸುಳ್ಳು ಹೇಳಿದ್ದೆ. ತಪ್ಪಾಯ್ತು," ಎಂದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಗೊತ್ತಿತ್ತು ಅಕ್ಕ. ಕ್ಷಮಿಸಿದೀನಿ. ದೇವರು ಹೇಳಿದಾನಲ್ಲ, ಕ್ಷಮಿಸ್ಲೇಬೇಕು. ಆದ್ರೆ ಮತ್ತೆ ಕೂಟಕ್ಕೆ ಬಾ ಅನ್ಬೇಡಿ. ಇಲ್ಲೇ ಹತ್ರ ಇನ್ನೊಂದ್ ಸಭೆ ಇದೆ, ಅಲ್ಲಿಗೆ ಹೋಗ್ತಾ ಇದೀನಿ."

ಒಳಗೆ ಬನ್ನಿ ಎಂದು ಕರೆಯಲಿಲ್ಲ. ಕರೆದಿದ್ದರೆ ಅವತ್ತು ಏನು ಕೊಟ್ಟರೂ ತಿನ್ನುತ್ತಿದ್ದೆ ಎಂದುಕೊಳ್ಳುತ್ತೇನೆ. ತಿನ್ನುತ್ತಿದ್ದೆನೇ, ಖಾತ್ರಿಯಿಲ್ಲ.

ಅವಳೇಕೆ ಬರುತ್ತಿಲ್ಲ ಎಂದು ಕೂಟದಲ್ಲಿ ಯಾರೋ ಕೇಳಿದರು. "ದೂರ ಆಗತ್ತಂತೆ," ಎಂದೆ. ಎಲ್ಲರೂ ತಲೆಯಾಡಿಸಿ ಅವಳಿಗಾಗಿ ಪ್ರಾರ್ಥಿಸಿದರು. ಆ ಪ್ರಾರ್ಥನೆ ನಡೆಸಿದವಳೂ ನಾನೇ.